ಬಾಯಿಗೆ ಬಂದ ಮಾತು

...ಇಲ್ಲ, ಬಾಗಿಲು ತೆಗೀಬೇಡ. ಬಡೀಲಿ ಬಿಡು. ಇಷ್ಟು ವರ್ಷ ಜನ ಬರಲಿ ಅಂತ ನೀನು ಕಾದಿಲ್ವಾ? ಇವತ್ತೊಂದು ದಿನ ಅವರು ಸ್ವಲ್ಪ ಕಾಯ್ಲಿ. ಭಾಷಣ ಎಲ್ಲಿಗೂ ಓಡಿಹೋಗಲ್ಲ. ಕೂತ್ಕೋ. ಅದರ ಕಾಲು ಮುರಿದಿದೆ, ಈ ಕುರ್ಚಿ ತಗೋ... ನಾನು ನಿಂತೇ ಇರ್ತೀನಿ. ವಿಮಾನದಲ್ಲಿ ಕೂತೂ ಕೂತೂ ಸೊಂಟ ಹಿಡ್ಕೊಂಡಿದೆ.

ಸರ್ಕಾರದ ಪರವಾಗಿ ಬಂದಿದೀನಾ ಅಂತ ಕೇಳ್ಬೇಡ. ಬಂದಿರೋಳು ನಿನ್ನ ಅಕ್ಕ, ಅಷ್ಟೇ ತಿಳ್ಕೋ.

ಅವತ್ತು ಫೋನ್ ಮಾಡಿ ನೀನೇ ಹೇಳಿದ್ದಲ್ವಾ? 'ಅಕ್ಕ, ಸಭೇಲಿ ಜನರಿಗಿಂತ ಕುರ್ಚಿಗಳೇ ಜಾಸ್ತಿ ಇದ್ವು, ಬಂದವರೂ ಆಕಳಿಸ್ತಾ ಇದ್ರು, ಸ್ವಲ್ಪ ಖಾರ ಇರಲಿ ಅಂತ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ' ಅಂತ. ಪಕ್ಕದ ದೇಶದ ಅಧ್ಯಕ್ಷರಿಗೆ ತಲೆ ಕೆಟ್ಟಿದೆ, ದೇಶ ಆಳ್ತಿರೋದು ಬೇರೆ ಯಾರೋ... ಇಷ್ಟೇ ತಾನೇ ನೀನು ಹೇಳಿದ್ದು? ಇಷ್ಟೇ. ಹೇಳಿ ಬಿದ್ದು ಬಿದ್ದು ನಕ್ಕೆ. ನಾನೂ ನಕ್ಕೆ.

ನಗಲಿಲ್ವಾ? ...ಲೈನ್ ಸರಿ ಇರಲಿಲ್ಲ ಕಣೋ.

ನಿನ್ನ ಮಾತು ಊರೆಲ್ಲ ಸುತ್ತಿ ನಾನು ಕೆಲಸ ಮಾಡೋ ಆ ದೇಶಕ್ಕೂ ಬಂತು. ಅವರ ವಿದೇಶಾಂಗ ಇಲಾಖೆಯವರು ನಮ್ಮನ್ನ ಕರೆಸಿದ್ರು. ಮುಂದೆ ನಮ್ಮ ರಾಯಭಾರಿ, ಹಿಂದೆ ನಾನು. ಕೂರಿ ಅಂತಲೂ ಅನ್ನಲಿಲ್ಲ. ನಮ್ಮ ರಾಯಭಾರಿ ಹೇಳಿದ್ರು, ಅದು ಯಾರೋ ಒಬ್ಬರ ಸ್ವಂತ ಮಾತು, ಆತನ ಪಕ್ಷಕ್ಕೆ ಸಂಸತ್ತಲ್ಲಿ ಒಂದು ಸೀಟೂ ಇಲ್ಲ, ಆತನ ಮಾತು ಆತನ ಮನೇಲೇ ಯಾರೂ ಕೇಳಲ್ಲ ಅಂತ... ನಗ್ತೀಯಾ? ಆ ಮನೆಯವಳು ನಾನು ಅಲ್ಲೇ ನಿಂತಿದ್ದೆ. ಅಲ್ಲಿನ ಅಧಿಕಾರಿ ರಾಯಭಾರಿ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನ ಕೇಳ್ದ, 'ನಿಮ್ಮ ತಮ್ಮನಿಗೆ ಇದನ್ನ ಹೇಳಿದ್ದು ಯಾರು?' ಯಾರೂ ಇಲ್ಲ ಅಂದೆ. ಅವನು ಚಿಕ್ಕಂದಿನಿಂದ ಹಾಗೇ, ಗಾಳಿ ಸುದ್ದಿ ಕಟ್ಟೋದ್ರಲ್ಲಿ ಎತ್ತಿದ ಕೈ ಅಂದೆ. ನಂಬಲಿಲ್ಲ.

ಅವತ್ತೇ ಸಾಯಂಕಾಲ ಮೇಷ್ಟ್ರನ್ನ ಕರ್ಕೊಂಡು ಹೋದ್ರು.

ನಿನಗೆ ಅವರು ಗೊತ್ತಿಲ್ಲ. ನಮ್ಮ ಕಚೇರಿಯ ದುಭಾಷಿ. ಅಲ್ಲಿಯವರೇ. ಮೊದಲು ಶಾಲೇಲಿ ಪಾಠ ಹೇಳ್ತಿದ್ರು, ಅದಕ್ಕೇ ನಾವೆಲ್ಲ ಮೇಷ್ಟ್ರು ಅಂತೀವಿ. ನಾನು ಸಿಟ್ಟಿಗೆದ್ದು ಏನಾದ್ರೂ ಅಂದ್ರೆ ಅವರ ಬಾಯಿಂದ ಅದು ಮೆತ್ತಗಾಗಿ ಹೊರಗೆ ಬರೋದು. ಆಮೇಲೆ ಮೆಟ್ಟಿಲು ಇಳೀವಾಗ, 'ಮೇಡಂ, ನೀವು ಅಂದಿದ್ರಲ್ಲಿ ಅರ್ಧ ನನ್ನ ಹೊಟ್ಟೇಲೇ ಉಳ್ಕೊಂಡಿದೆ' ಅನ್ನೋರು. ಅಂಥವರು. ಮನೇಲಿ ಹಾಕೋ ಚಪ್ಪಲೀಲೇ ಎಳ್ಕೊಂಡು ಹೋದ್ರಂತೆ. ಕನ್ನಡಕ ಊಟದ ಮೇಜಿನ ಮೇಲೇ ಉಳೀತು. ಅವರ ಹೆಂಡತಿ ಅದನ್ನ ಹಿಡ್ಕೊಂಡು ಠಾಣೆಯಿಂದ ಠಾಣೆಗೆ ಅಲೀತಿದ್ದಾರೆ. ಇಲ್ಲಿಲ್ಲಮ್ಮ, ಇಲ್ಲಿಲ್ಲಮ್ಮ ಅಂತ ಎಲ್ಲರದ್ದೂ ಒಂದೇ ಮಾತು. ನಮ್ಮ ಗೇಟಿಗೆ ಬಂದು ನನ್ನ ಕೈ ಹಿಡ್ಕೊಂಡ್ರು. ಅಳಲೂ ಇಲ್ಲ. ಕನ್ನಡಕ ಇಲ್ಲದಿದ್ರೆ ಅವರಿಗೆ ಎದುರಿಗಿರೋರ ಮುಖ ಕಾಣಲ್ಲ, ಹಿಡ್ಕೊಂಡು ಹೋದೋರಿಗೆ ಹೇಳಿ, ಅಂದ್ರು. ನಾನು ಯಾರಿಗೆ ಅಂತ ಹೇಳಲಿ?

ನನಗೇನು ಮಾಡ್ತಾರೆ? ರಾಯಭಾರ ಕಚೇರಿಯವಳ ಮೇಲೆ ಕೈ ಹಾಕೋ ಹಾಗಿಲ್ಲ. ದೇಶ ಬಿಡಿ ಅಂದ್ರು, ಬಿಟ್ಟು ಬಂದೆ. ಮೇಷ್ಟ್ರು ಅಲ್ಲಿನ ಪ್ರಜೆ. ಅವರು ಎಲ್ಲಿಗೆ ಹೋಗ್ತಾರೆ?

ಅದಕ್ಕೇ ಕೇಳ್ತಿದೀನಿ. ಈಗ ವೇದಿಕೆಗೆ ಹೋಗಿ ಒಂದೇ ಒಂದು ಮಾತು ಹೇಳು. ನಾನು ಕಟ್ಟಿ ಹೇಳಿದ್ದು, ನನಗೆ ಯಾರೂ ಏನೂ ಹೇಳಿರಲಿಲ್ಲ ಅಂತ. ನಿಜವನ್ನೇ ಹೇಳು ಅಂತಿದೀನಿ ಕಣೋ, ಸುಳ್ಳಲ್ಲ.

ಗೊತ್ತು. ಇದೇ ಮೊದಲ ಸಲ ಹಾಲ್ ತುಂಬಿದೆ. ಗೋಡೆಗೆ ಒರಗಿ ನಿಂತವರನ್ನ ಬರ್ತಾ ನೋಡ್ದೆ. ಮದುವೆ ಮನೆಗಳಲ್ಲಿ ನಿನ್ನ ಕಂಡ್ರೆ ಮುಖ ತಿರುಗಿಸ್ತಿದ್ದ ಚಿಕ್ಕಪ್ಪನೂ ಮುಂದಿನ ಸಾಲಲ್ಲೇ ಕೂತಿದಾರೆ. ಸುಳ್ಳು ಹೇಳ್ದೆ ಅಂದ್ರೆ ಎದ್ದು ಹೋಗ್ತಾರೆ. ಗೊತ್ತು, ನಾಳೆಯಿಂದ ನಿನ್ನ ಯಾರೂ ಕರೆಯಲ್ಲ... ನಾನು ಕರೀತೀನಿ. ನಮ್ಮನೆಗೆ ಬಂದಿರು.

ಏನಂದೆ? ಸುಳ್ಳಾದ್ರೆ ಅವರ್ಯಾಕೆ ಇಷ್ಟು ಮೈಮೇಲೆ ಬೀಳ್ತಾರೆ ಅಂತಾನಾ? ...ದೊಡ್ಡವರಿಗೆ ನೆರಳು ಕಂಡ್ರೂ ಅನುಮಾನ. ಅದರಲ್ಲೇನಿದೆ?

ತಲೆ ಆಡಿಸ್ತಿದೀಯ. ಹೇಳ್ತೀಯಾ? ನಿಜವಾಗ್ಲೂ? ...ಒಂದು ನಿಮಿಷ, ಕಣ್ಣು ಒರೆಸ್ಕೋತೀನಿ. ಅಪ್ಪ ನಿನ್ನ ಏನೇ ಅಂದಿರಲಿ, ನೀನು ಕೆಟ್ಟವನಲ್ಲ.

ಬಿಡಿಸಿ ಬಿಡಿಸಿ ಹೇಳು, ಆಯ್ತಾ? ಅರ್ಧಂಬರ್ಧ ಹೇಳಿದ್ರೆ ಅವರು ನಂಬಲ್ಲ. ಅಧ್ಯಕ್ಷರು ಆರೋಗ್ಯವಾಗಿದ್ದಾರೆ ಅನ್ನು. ಎದುರಿಗೆ ಬಂದೋರ ಹೆಸರನ್ನ ಮಗಳು ಕಿವೀಲಿ ಹೇಳಿಕೊಡ್ತಾಳೆ ಅನ್ನೋದು ಸುಳ್ಳು, ಎಂದೋ ತೀರಿಹೋದ ತಾಯಿನ ಕೇಳ್ತಾ ಕೂರ್ತಾರೆ ಅನ್ನೋದೂ ಸುಳ್ಳು, ಅದನ್ನೆಲ್ಲ ನಾನೇ...

ಯಾಕೆ ಎದ್ದೆ?

ನೀನೇ ಹೇಳಿದ್ದಲ್ವಾ ಅದನ್ನ. ಸಭೇಲಿ. ...ಹೇಳಲಿಲ್ವಾ? ಹಾಗಾದ್ರೆ ಪತ್ರಿಕೇಲಿ ಓದಿರಬೇಕು. ಎಲ್ಲೋ. ಯಾವ ಪತ್ರಿಕೆ ಅಂತ ನೆನಪಿಟ್ಕೊಳ್ಳೋಕೆ ಆಗುತ್ತಾ, ಪ್ರಯಾಣ ಮಾಡಿ ತಲೆ ಕೆಟ್ಟುಹೋಗಿದೆ...

ಬೈಯಿ ಬೇಕಾದ್ರೆ. ಹಾಗೆ ನೋಡ್ಬೇಡ.

...ನಿನ್ನ ಆ ಭಾಷಣಕ್ಕೂ ಮುಂಚೆ ಒಂದ್ಸಲ ಅಧ್ಯಕ್ಷರ ಭೇಟಿ ಇತ್ತು. ರಾಯಭಾರಿಗೆ ಜ್ವರ ಇತ್ತು, ಅವರ ಬದಲು ನಾನು ಹೋಗಿದ್ದೆ. ನಾನು, ಮೇಷ್ಟ್ರು. ಆ ಕಡೆ ಅಧ್ಯಕ್ಷರು, ಅವರ ಮಗಳು. ಅಷ್ಟೇ ಜನ. ಅಧ್ಯಕ್ಷರು ನನ್ನ ಕೈ ಹಿಡ್ಕೊಂಡು ಬಿಡಲೇ ಇಲ್ಲ. 'ಅಮ್ಮ ಬಂದ್ಲಾ?' ಅಂತ ಕೇಳಿದ್ರು. ಪುಟ್ಟ ಮಗು ಕೇಳೋ ಹಾಗೆ. ಮೇಷ್ಟ್ರು ನನ್ನ ಕಡೆ ತಿರುಗಿ ಏನಂದ್ರು ಗೊತ್ತಾ? 'ಅಧ್ಯಕ್ಷರು ನಿಮ್ಮ ಕ್ಷೇಮ ವಿಚಾರಿಸ್ತಿದ್ದಾರೆ.' ನನಗೆ ಆ ಭಾಷೆ ಬರುತ್ತೆ. ಬರುತ್ತೆ ಅನ್ನೋದು ಮೇಷ್ಟ್ರಿಗೂ ಗೊತ್ತು. ಆದ್ರೂ ಹಾಗೇ ಹೇಳಿದ್ರು. ನಾನೂ ಕ್ಷೇಮವಾಗಿದೀನಿ ಅಂದೆ. ಆಚೆ ಬಂದ ಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಇವತ್ತಿನವರೆಗೂ ಎತ್ತಿಲ್ಲ. ತನ್ನ ದೇಶದ ಮಾನ ಅಷ್ಟು ಜೋಪಾನ ಮಾಡಿದ ಮನುಷ್ಯನನ್ನ ಹಿಡ್ಕೊಂಡು ಹೋಗಿದಾರೆ, ಗುಟ್ಟು ಬಿಟ್ಟುಕೊಟ್ಟ ಅಂತ.

ಈಗ ಕೇಳಿದ್ದನ್ನ ಮರ್ತುಬಿಡು. ನೀನು ಹೇಳ್ತೀನಿ ಅಂತ ಒಪ್ಕೊಂಡಿದೀಯ. ನಾನು ಒಳಗೆ ಬಂದಾಗ ನೀನು ತಲೆ ಎತ್ತೋಕೆ ನಾಚಿಕೆ ಪಡ್ತಿದ್ದೆ, ಸುಳ್ಳು ಹೇಳ್ದೋನು ಅಂತ. ಆ ನಾಚಿಕೆ ಒಂದೇ ನನ್ನ ಕೈಲಿದ್ದಿದ್ದು ಕಣೋ... ಈಗ ನಿನ್ನ ಮುಖದಲ್ಲಿ ಅದು ಕಾಣ್ತಿಲ್ಲ.

ಕಾಲರ್ ಯಾಕೆ ಸರಿ ಮಾಡ್ಕೋತೀಯ? ಚಿಲಕ ಬಿಡು. ಆಚೆ ಹೋಗಿ ಏನು ಹೇಳ್ತೀಯ? ...ಏನು ಹೇಳ್ತೀಯ ಅಂತ ನನಗೆ ಹೇಳಿ ಹೋಗು, ತಮ್ಮಾ.