ಧೈರ್ಯ ಹೇಳಲು ಬಂದವರು

ಹಲ್ಲಿನ ಡಾಕ್ಟರ ಬಾಗಿಲಲ್ಲಿ ನಾನು ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ನನ್ನ ಹಾಗೇ ಅರವತ್ತು ದಾಟಿದ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬರ ಕೆನ್ನೆ ಊದಿಕೊಂಡಿತ್ತು, ಇನ್ನೊಬ್ಬರು ಧೈರ್ಯ ಹೇಳಲು ಬಂದಿದ್ದ ಗೆಳತಿ. ಬಿಪಿ ಇಳಿಯದ ಹೊರತು ಹಲ್ಲು ಕೀಳುವುದಿಲ್ಲವೆಂದು ಹೇಳಿ ನರ್ಸಮ್ಮ ಒಳಗೆ ಹೋಗಿದ್ದರು.

"ಸಮಾಧಾನ ಮಾಡ್ಕೊಳೇ. ಏನಾದ್ರೂ ಒಳ್ಳೇದು ಯೋಚ್ನೆ ಮಾಡು," ಎಂದರು ಗೆಳತಿ.

"ರಾತ್ರಿಯೆಲ್ಲಾ ನಿದ್ದೆ ಇಲ್ಲ ಕಣೇ. ಇವತ್ತು ಕಿತ್ತುಬಿಟ್ರೆ ಸಾಕು."

"ನನ್ನ ಮಗಳು ನಿಮ್ಮನೆ ಎದುರಿಗೇ ಮನೆ ಕಟ್ಟಿಸಿದ್ಲಲ್ಲ, ಅದರ ಮೇಲೆ ಇನ್ನೊಂದು ಮಹಡಿ ಏರಿಸ್ತಾಳಂತೆ. ಪಾಪ, ಇನ್ಮೇಲೆ ನಿಮ್ಮಂಗಳಕ್ಕೆ ಬಿಸಿಲೇ ಬೀಳಲ್ವೇನೋ!"

ನರ್ಸಮ್ಮ ಬಂದು ಕೆನ್ನೆ ಊದಿದವರ ತೋಳಿಗೆ ಬಿಪಿ ಪಟ್ಟಿ ಸುತ್ತಿ ನೋಡಿದರು.

"ಇದೇನಮ್ಮಾ, ಆಗಿನದಕ್ಕಿಂತ ಜಾಸ್ತಿಯಾಗಿದೆ!"

"ಇವಳು ಚಿಕ್ಕಂದಿನಿಂದ್ಲೂ ಪುಕ್ಕಲಿ, ಸಿಸ್ಟರ್. ನಂದು ನೋಡಿ, ಹದಿನಾರರ ಹುಡುಗಿ ಥರ ಇರತ್ತೆ," ಎಂದು ಗೆಳತಿ ತಾವೇ ತೋಳು ಚಾಚಿದರು.

ಪಟ್ಟಿ ಬಿಗಿಯುತ್ತಿದ್ದಂತೆ ಕೆನ್ನೆ ಊದಿದವರು ಮೆಲ್ಲಗೆ ಬಾಯಿಬಿಟ್ಟರು.

"ನಿನ್ನ ಮಗಳು ಊರಿಗೆ ಹೋಗೋವಾಗ ಮನೆ ಬೀಗದ ಕೈ ನಂಗೇ ಕೊಟ್ಟು ಹೋಗ್ತಾಳೆ ಕಣೇ. 'ಅಮ್ಮನಿಗೆ ಮಾತ್ರ ಕೊಡ್ಬೇಡಿ ಚಿಕ್ಕಮ್ಮ, ಬಂದು ಕೂತ್ರೆ ಏಳೋದೇ ಇಲ್ಲ' ಅಂತಾಳೆ."

ನರ್ಸಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ಅಮ್ಮಾ, ನಿಮ್ಮದು ಅವರನ್ನೂ ಮೀರಿಸಿದೆ. ಇವತ್ತು ಇಬ್ಬರೂ ಮನೆಗೆ ಹೋಗಿ. ನಾಳೆ ಹಲ್ಲುನೋವಿನವರು ಮಾತ್ರ ಬನ್ನಿ."

"ಒಬ್ಬಳೇ ಹೇಗೆ ಬರ್ತಾಳೆ? ಇವಳಿಗೆ ನನ್ನ ಬಿಟ್ರೆ ಯಾರಿದಾರೆ?"

"ಬರ್ಲಿ ಬಿಡಿ ಸಿಸ್ಟರ್," ಎಂದರು ಕೆನ್ನೆ ಊದಿದವರು. ಹಲ್ಲುನೋವು ಮರೆತೇಹೋದ ಹಾಗಿತ್ತು. "ನಾಳೆ ಮೊದಲು ಇವಳ ಬಿಪಿನೇ ನೋಡಿ."

ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಮೆಟ್ಟಿಲಿಳಿದರು.