ಮಂಚದ ಕಾಲ್ಗುಣ

ಬಲ್ಬ್ ಕೊಳ್ಳಲು ಅಂಗಡಿಯಲ್ಲಿ ಸಾಲಿಗೆ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸು ಬ್ಯಾಗಿನಿಂದ ಒಂದು ಬ್ರೇಕರ್ ತೆಗೆದು ಅಂಗಡಿಯವನ ಮುಂದಿಟ್ಟಳು.

"ಇದು ಕೆಟ್ಟಿದೆ, ವಾಪಸ್ ತಗೊಳ್ಳಿ. ಸುಮ್ಮಸುಮ್ಮನೆ ಟ್ರಿಪ್ ಆಗಿ ಕರೆಂಟು ಹೋಗುತ್ತೆ."

"ಯಾವಾಗ ಹೋಗುತ್ತೆ ಅಕ್ಕಾ?"

"ನಗಬೇಡಿ. ನಮ್ಮತ್ತೆ ಮಂಚದಲ್ಲಿ ಮಗ್ಗುಲು ಬದಲಾಯಿಸಿದಾಗ. ಅವರ ಕಾಲ್ಗುಣ ಅಂತ ಮನೆಮಂದಿಯೆಲ್ಲ ಆಡ್ಕೋತೀವಿ."

ಅವನು ನಗಲಿಲ್ಲ. "ಮಂಚದ ಹಿಂದೆ ವೈರ್ ಇದೆಯಾ?"

"ಹೀಟರಿಂದು. ಮಂಚದ ಕಾಲು ಅದರ ಮೇಲೇ ಕೂತಿದೆ."

"ಹಾಗಾದ್ರೆ ಕಾಲ್ಗುಣ ಮಂಚದ್ದು. ವೈರ್ ಜಜ್ಜಿಹೋಗಿ ಒಳಗೇ ಕಿಡಿ ಹಾರ್ತಿದೆ. ಕಿಡಿ ಎದ್ದಾಗ ಕರೆಂಟು ಕಡಿಯೋದೇ ಈ ಹೊಸ ಥರದ ಬ್ರೇಕರಿನ ಕೆಲಸ. ಇದರ ಜಾಗಕ್ಕೆ ಏನು ಹಾಕಿದ್ದೀರಿ?"

"ನಮ್ಮನೆಯವರು ಬೆಳಿಗ್ಗೆ ಹಳೇ ಬ್ರೇಕರೇ ಹಾಕಿದ್ರು. ಆಮೇಲೆ ಒಂದು ಸಲವೂ ಹೋಗಿಲ್ಲ."

"ಕಿಡಿ ಎದ್ದರೆ ಅದಕ್ಕೆ ಗೊತ್ತಾಗಲ್ಲ. ಅತ್ತೆ ಈಗ ಎಲ್ಲಿದ್ದಾರೆ?"

"ಮಲಗಿದ್ದಾರೆ. ಹೀಟರ್ ನಾನೇ ಹಾಕಿ ಬಂದೆ."

ಆಮೇಲೆ ಅವಳು ಮಾತಾಡಿದ್ದು ಫೋನಿನಲ್ಲಿ, ಮೆಟ್ಟಿಲಿಳಿದು ಓಡುತ್ತ. ಬ್ರೇಕರ್ ಅಂಗಡಿಯಲ್ಲೇ ಉಳಿಯಿತು.

"ಅತ್ತೆ, ಏನೂ ಮುಟ್ಟಬೇಡಿ, ಎದ್ದು ಹೊರಗೆ ಬನ್ನಿ. ಇಲ್ಲ, ಕರೆಂಟು ಹೋಗಿಲ್ಲ. ಅದಕ್ಕೇ ಹೇಳ್ತಿರೋದು."