ಹೊಸ್ತಿಲೊಳಗಿನ ಸೈಕಲ್

ಬಿಟ್ಟ ಧ್ಯಾನ, ಪೂಜೆಯನ್ನು ಮತ್ತೆ ಹಿಡಿಯುವುದು ಹೇಗೆ ಎಂದು ಕೇಳಿದಿರಿ, ಒಂದು ಕಥೆ ಹೇಳುತ್ತೇನೆ. ಒಂದೂರಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಮದುವೆಗೆ ಮುಂಚೆ ಸೈಕಲ್ ಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ಆಕೆಯ ಗಂಡ ತೀರಿಕೊಂಡ. ಮಣ್ಣು ಮಾಡಿದ್ದಾಯಿತು, ನೆಂಟರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಮನೆಯಲ್ಲಿ ಉಳಿದವರು ಆಕೆ ಮತ್ತು ಅತ್ತೆ.

ಮರುದಿನ ಬೆಳಿಗ್ಗೆ ಬಚ್ಚಲಿನ ನಳಕ್ಕೆ ನೀರು ಬಂತು. ನೋಡಿ, ಸಾವಾದ ಮನೆ ಎಂದು ನಳ ಕಾಯುವುದಿಲ್ಲ. ಕೊಡ ಹೊತ್ತು ಮಾಳಿಗೆ ಏರುತ್ತಿದ್ದ ಸೊಸೆ ನಡು ಮೆಟ್ಟಿಲಲ್ಲಿ ನಿಂತುಬಿಟ್ಟಳು. ಉಸಿರು ಸಿಗಲಿಲ್ಲ. ಹೊತ್ತು ಹುಟ್ಟುವುದರೊಳಗೆ ಪಕ್ಕದ ತಾಲ್ಲೂಕು ಮುಟ್ಟಿ ಬರುತ್ತಿದ್ದ ಕಾಲುಗಳವು. ದುಃಖದಿಂದ ಹೀಗಾಯಿತೇ? ಅಷ್ಟೇ ಅಲ್ಲ. ಸೈಕಲ್ ಬಿಟ್ಟು ವರ್ಷಗಳಾಗಿದ್ದವು.

ಮೇಲಿನ ಕೋಣೆಯಲ್ಲಿ ಗಾಳಿ ಇಳಿದ ಸೈಕಲ್ ಇತ್ತು. ಅದರ ಪಕ್ಕ ಒಂದು ರೋಲರ್. ನಿಮ್ಮಲ್ಲಿ ಬಹಳ ಮಂದಿ ಅದನ್ನು ನೋಡಿರಲಿಕ್ಕಿಲ್ಲ. ಒಂದು ಚೌಕಟ್ಟು, ಅದರಲ್ಲಿ ಮೂರು ಉರುಳೆ, ಉರುಳೆಗಳನ್ನು ಕೂಡಿಸುವ ಒಂದು ಬೆಲ್ಟ್. ಮೇಲೆ ಸೈಕಲ್ ನಿಲ್ಲಿಸಿ ತುಳಿದರೆ ಚಕ್ರ ತಿರುಗುತ್ತದೆ, ಸೈಕಲ್ ಇದ್ದಲ್ಲೇ ಇರುತ್ತದೆ. ಗಂಡ ಅದನ್ನು ಆಕೆಯ ಹಳೆಯ ಕೋಚ್ ಹತ್ತಿರ ಕೇಳಿ ತಂದಿದ್ದ. "ಮತ್ತ ಶುರು ಮಾಡು, ನಾ ಹಿಡಕೋತೀನಿ" ಅಂದಿದ್ದ. ಆಕೆ ನಾಳೆ ಅಂದಿದ್ದಳು. ನಾವೆಲ್ಲ ಅನ್ನುವುದೂ ಅದನ್ನೇ, ಅಲ್ಲವೇ?

ಇಂತಿಷ್ಟು ದಿನ ಹೊಸ್ತಿಲು ದಾಟಬೇಡ ಎಂದು ಹಿರಿಯರು ಹೇಳಿ ಹೋಗಿದ್ದರು. ಅದು ಸರಿಯೋ ತಪ್ಪೋ, ಇವತ್ತು ಆ ವಿಚಾರ ಬೇಡ. ಸೊಸೆ ಕೇಳಿದಳು:

"ಅತ್ತಿ, ಇದರ ಮ್ಯಾಲ ಹತ್ಲೇನ್ರಿ?"

"ಹೊಸ್ತಿಲ ದಾಟಬ್ಯಾಡ ಅಂದಾರ. ಸೈಕಲ್ ಹೊಡಿಬ್ಯಾಡ ಅಂತ ಯಾರೂ ಅಂದಿಲ್ಲ."

ಚಕ್ರಗಳಿಗೆ ಗಾಳಿ ತುಂಬಿ ಹತ್ತಿದಳು. ಹಿಂದೆ ತುಳಿಯುತ್ತಿದ್ದ ಭಾರದ ಗೇರಿಗೇ ಹಾಕಿದಳು. ತೊಡೆ ನಡುಗಿತು, ಚಕ್ರ ಉರುಳೆಯಿಂದ ಜಾರಿತು. ಬಾಗಿಲ ಚೌಕಟ್ಟಿಗೆ ಭುಜ ಬಡಿದು ಕೆಳಗೆ ಬಿದ್ದಳು.

"ಮುಂದ ಹೋಗಾಕ ಬರಂಗಿಲ್ಲ, ಬೀಳಾಕ ಮಾತ್ರ ಬರ್ತೈತಿ. ಎಂಥಾ ಸೈಕಲ್ಲವಾ ಇದು!" ಅತ್ತೆ ಎಬ್ಬಿಸಿದಳು. "ಒಮ್ಮಿಗೇ ಅಷ್ಟ್ಯಾಕ ಜೋರ್ ಮಾಡ್ತಿ? ಬಾಣಂತಿ ಎದ್ದ ಕೂಡ್ಲೆ ಕೊಡ ಹೊರ್ತಾಳೇನು?"

ನೋಡಿ, ಆ ಅತ್ತೆಯೂ ಮಗನನ್ನು ಕಳೆದುಕೊಂಡವಳು. ಮರೆಯಬೇಡಿ.

ಸೊಸೆ ಎಲ್ಲಕ್ಕಿಂತ ಹಗುರವಾದ ಗೇರಿಗೆ ಇಳಿದಳು. ಮಕ್ಕಳೂ ತುಳಿಯಬಹುದಾದ ಗೇರು. ನಾಚಿಕೆಯಾಯಿತು. ಆದರೂ ತುಳಿದಳು. ಅತ್ತೆ ಪಕ್ಕದಲ್ಲಿ ನಿಂತು ತನ್ನ ಭುಜ ಕೊಟ್ಟಳು. ಸುಸ್ತಾದರೆ ಇಳಿಯುವುದು, ಮರುದಿನ ಮತ್ತೆ ಹತ್ತುವುದು. ಹುರುಪೇನೂ ಇರಲಿಲ್ಲ. ಹುರುಪು ಬರಲಿ ಎಂದು ಕಾಯಲೂ ಇಲ್ಲ.

ಒಂದು ದಿನ ಪಕ್ಕದ ಮಾಳಿಗೆಯಿಂದ ಒಬ್ಬಳು ಕೂಗಿದಳು. "ಗಂಡ ಹೋಗಿ ಇನ್ನಾ ಕಣ್ಣೀರ ಆರಿಲ್ಲ. ನಿಮ್ಮ ಮನ್ಯಾಗ ಅದೇನ್ ಗರಗರ ಅಂತೈತೆವಾ?"

"ಗಿರಣಿ ಹಾಕೇವಿ," ಅಂದಳು ಅತ್ತೆ. "ಜ್ವಾಳ ಇದ್ರ ತಗೊಂಬಾ."

ಹಾಗೇ ದಿನ ಕಳೆದವು. ಕೊಡ ಹೊತ್ತರೆ ಈಗ ಉಸಿರು ಕಟ್ಟುತ್ತಿರಲಿಲ್ಲ. ಹಿರಿಯರು ಹೇಳಿದ ಅವಧಿಯೂ ಮುಗಿಯಿತು. ತಡೆಯುವವರು ಯಾರೂ ಇರಲಿಲ್ಲ. ಆದರೆ ಸೊಸೆ ಹೊಸ್ತಿಲು ದಾಟಿದಳೇ? ಇಲ್ಲ. ರೋಲರ್ ಮೇಲೆ ರಸ್ತೆಯಿಲ್ಲ, ತಿರುವಿಲ್ಲ, ಹೇಗಿದ್ದೀಯವ್ವ ಎಂದು ಕೇಳುವ ಮುಖಗಳಿಲ್ಲ.

ಅಷ್ಟರಲ್ಲಿ ಕೋಚ್ ಫೋನ್ ಮಾಡಿದರು. "ತಂಗಿ, ತಪ್ಪ ತಿಳಿಬ್ಯಾಡ. ಸ್ಪರ್ಧೆ ಹತ್ರ ಬಂತು, ಮಳಿ ಬಿಡವಲ್ದು, ನಮ್ಮ ಸ್ಪೋರ್ಟ್ಸ್ ಹಾಸ್ಟೆಲ್ ಹುಡುಗ್ಯಾರು ಸುಮ್ನ ಕುಂತಾರ. ಆ ರೋಲರ್ ಬೇಕಾಗಿತ್ತು."

"ಇನ್ನ ಸ್ವಲ್ಪ ದಿನ ಬಿಟ್ಟು ಕೊಡ್ತೀನ್ರಿ ಸರ್."

ಎರಡನೆಯ ಸಲ ಫೋನ್ ಬಂದಾಗಲೂ ಅದೇ ಮಾತು. ಅತ್ತೆ ಕೇಳಿಸಿಕೊಂಡಳು.

"ಅವ್ರ ಸಾಮಾನು ಅವ್ರಿಗೆ ಕೊಡಾಕ ಯಾಕ ಒಲ್ಲಿ?"

"ಕೊಟ್ರ ನಾ ಹೊರಗ ಹೋಗಬೇಕಾಗ್ತೈತ್ರಿ ಅತ್ತಿ."

"ನನಗೂ ಹೋಗಬೇಕಾಗೇತಿ," ಅಂದಳು ಅತ್ತೆ. "ಒಬ್ಬಾಕಿ ಎಲ್ಲಿಗಂತ ಹೋಗ್ಲಿ?"

ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ನನಗೂ ದಣಿವಾಗಿದೆ, ನಿಮಗೂ ಆಗಿದೆ. ಬಿಟ್ಟ ಸಾಧನೆಯನ್ನು ಮತ್ತೆ ಹಿಡಿಯುವುದು ಹೇಗೆ ಎಂದು ಕೇಳಿದಿರಲ್ಲ, ಕೇಳಿ. ಒಂದು ಕಾಲದಲ್ಲಿ ಎಷ್ಟು ಹೊತ್ತು ಧ್ಯಾನಕ್ಕೆ ಕೂರುತ್ತಿದ್ದೆ ಎಂದು ಲೆಕ್ಕ ಹಾಕುತ್ತೀರಿ. ಅಷ್ಟು ಆಗುವುದಿಲ್ಲವೆಂದು ಕೂರುವುದನ್ನೇ ಬಿಡುತ್ತೀರಿ. ಅಷ್ಟು ಹೊತ್ತು ಕೂತವರು ಈಗಿನ ನೀವಲ್ಲ. ನಾಳೆ ಬೆಳಿಗ್ಗೆ ಇವತ್ತಿನ ಮೈಗೆ, ಇವತ್ತಿನ ಮನಸ್ಸಿಗೆ ಆಗುವಷ್ಟು ಕೂರಿ. ಮನಸ್ಸು ಬರದಿದ್ದರೂ ಕೂರಿ. ಇನ್ನು, ಕೂರುವುದು ರೂಢಿಯಾದವರಿಗೆ ಒಂದು ಮಾತು. ದೇವರ ಕೋಣೆಯ ಬಾಗಿಲು ಹಾಕಿಕೊಂಡು ಅಲ್ಲೇ ಅವಿತುಕೊಳ್ಳಬೇಡಿ. ಪೂಜೆ ಮುಗಿಸಿ ಎದ್ದು, ಯಾರ ಮುಖ ನೋಡಲಾರೆ ಎಂದುಕೊಂಡಿದ್ದೀರೋ ಅವರ ಮನೆಗೆ ಹೋಗಿ ಬನ್ನಿ. ಒಬ್ಬರೇ ಹೋಗಲು ಆಗುವುದಿಲ್ಲವೇ? ಮನೆಯಲ್ಲಿ ಇನ್ನೊಬ್ಬರು ಇದ್ದಾರೆ. ಕೇಳಿ ನೋಡಿ.

ಕಥೆ ಇನ್ನು ಸ್ವಲ್ಪವೇ ಇದೆ.

ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಆಟೋ ಬಂತು. ಅತ್ತೆ ಹತ್ತಿ, ಮಡಚಿದ ರೋಲರನ್ನು ಪಕ್ಕದಲ್ಲಿಟ್ಟು ಹಿಡಿದುಕೊಂಡಳು. ಸೊಸೆ ಸೈಕಲ್ ಹೊರಗೆ ತಂದಳು. ರಸ್ತೆಯಲ್ಲಿ ಗಾಳಿ ಎದುರಿಗೇ ಇತ್ತು. ಮನೆಯೊಳಗೆ ಈ ಗಾಳಿ ಇರಲಿಲ್ಲ. ಏರು ಬಂದಾಗ ಆಕೆ ಆಟೋಗಿಂತ ಹಿಂದೆ ಉಳಿದಳು.

"ನಿಧಾನ ಹೊಡಿಯಪಾ," ಅತ್ತೆ ಆಟೋದವನ ಬೆನ್ನು ತಟ್ಟಿದಳು. "ಹಿಂದ ನಮ್ಮ ಸೊಸಿ ಬರಾಕತ್ಯಾಳ."

ಸೊಸೆ ಹಗುರ ಗೇರಿಗೆ ಹಾಕಿದಳು. ದಾರಿಹೋಕರು ನೋಡಿದರು. ನೋಡಲಿ ಎನ್ನುವ ಧೈರ್ಯವೇನೂ ಆಕೆಗೆ ಇರಲಿಲ್ಲ. ತುಳಿಯುತ್ತಾ ಹೋದಳು, ಅಷ್ಟೇ.

ಮೈದಾನದಲ್ಲಿ ಅತ್ತೆ ಸೊಸೆ ಇಬ್ಬರೂ ಸೇರಿ ರೋಲರ್ ಇಳಿಸಿದರು.

"ನಮ್ಮ ಮನಿಯವ್ರು ಒಯ್ದಿದ್ರರಿ ಸರ್. ತಂದೀನಿ."

ಕೋಚ್ ಬಗ್ಗಿ ಒಂದು ಉರುಳೆಯನ್ನು ಕೈಯಿಂದ ತಿರುಗಿಸಿದರು. "ಉಪಯೋಗಕ್ಕ ಬಂತೇನವಾ?"

"ಬೆಲ್ಟ್ ಸವದೈತ್ರಿ," ಅಂದಳು ಸೊಸೆ. "ಹುಡುಗ್ಯಾರು ಹತ್ತೂಕಿಂತ ಮೊದಲ ಹೊಸಾದು ಹಾಕ್ಸ್ರಿ."